ಆಲ್ಪ್ಸ್‌ನಲ್ಲೊಂದು ವಾಸ್ತು ಮನೆ

ಅಶ್ವತ್ಥನಿಗೆ ಸ್ಕೀಯಿಂಗ್ ಬರುತ್ತಿರಲಿಲ್ಲ. ಅವರಿದ್ದ ಸ್ವೀಡನ್ನಿನ ನಾರ್‌ಶೋಪಿಂಗಿನ ಅಂಚಿನಲ್ಲಿ ಮಕ್ಕಳು ಜಾರುವ ಗುಡ್ಡವೊಂದಿದೆ. ಒಮ್ಮೆ ಅಲ್ಲಿ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ನಿಂತವನು ನಿಂತಲ್ಲೇ ಬಿದ್ದು, ಇಳಿಜಾರಿನ ಕೋನವೇ ಸರಿಯಿಲ್ಲವೆಂದು ದೂರುತ್ತ ಮನೆಗೆ ಬಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ತನ್ನ ಗಂಡನನ್ನು ನೋಡಿಯೇ ಹುಟ್ಟಿರಬೇಕು ಎಂದು ರಮಾ ಆವತ್ತೇ ತೀರ್ಮಾನಿಸಿದ್ದಳು. ಅಂಥವನಿಗೆ ಈಗ ಆಲ್ಪ್ಸ್ ಪರ್ವತದ ಸ್ಕೀ ಊರಿನಲ್ಲಿ ಸ್ವಂತ ಮನೆ ಬೇಕಾಗಿತ್ತು.

ಇದಕ್ಕೆಲ್ಲ ಮೂಲ ಆಫೀಸಿನ ಫೀಕಾ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರೂ ಕೆಲಸ ಬಿಟ್ಟು ಕಾಫಿ, ಬನ್ನು ಹಿಡಿದು ಕೂರಲೇಬೇಕು. ಆಗ ಅಶ್ವತ್ಥನ ಬಾಸು ತಗ್ಗಿದ ದನಿಯಲ್ಲಿ, ಬೆಟ್ಟದ ಕಡೆ ನಮ್ಮದೊಂದು ಚಿಕ್ಕ ಮನೆ ಇದೆ, ರಜಕ್ಕೆ ಅಲ್ಲಿಗೇ ಹೋಗುತ್ತೇವೆ ಎನ್ನುತ್ತಿದ್ದ. ಸ್ವೀಡನ್ನಿನವರು ಜಂಭ ಕೊಚ್ಚುವುದಿಲ್ಲ, ಚಿಕ್ಕದು ಅನ್ನುತ್ತಾರೆ, ಅಷ್ಟೇ. ಆ ಒಂದು ಮಾತಿನಲ್ಲಿರುವಷ್ಟು ಜಂಭ ಬೆಂಗಳೂರಿನ ಮೂರಂತಸ್ತಿನ ಬಂಗಲೆಯಲ್ಲೂ ಇರುವುದಿಲ್ಲ. ಅಶ್ವತ್ಥನಿಗೂ ಫೀಕಾದಲ್ಲಿ ಹಾಗೇ ತಗ್ಗಿದ ದನಿಯಲ್ಲಿ ಹೇಳಿಕೊಳ್ಳಲು ಒಂದು ಚಿಕ್ಕ ಮನೆ ಬೇಕಿತ್ತು.

ರಮಾಳ ಸಂಕಟವೇ ಬೇರೆ. ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು, ಸಂಬಳವಿಲ್ಲದ ರಜೆ ಹಾಕಿ ಗಂಡನ ಹಿಂದೆ ಬಂದಿದ್ದಳು. ಆ ರಜೆ ಮುಗಿಯುತ್ತ ಬಂದಿತ್ತು. ‘ಬರೋ ಸಂಕ್ರಾಂತಿಯೊಳಗೆ ಏನಾದ್ರೂ ಒಂದು ಹೇಳಿಬಿಡಿ ರಮಾ, ಆಮೇಲೆ ಪೋಸ್ಟು ನನ್ನ ಕೈಲಿರಲ್ಲ’ ಎಂದು ಪ್ರಾಂಶುಪಾಲೆ ವೈದೇಹಿ ಫೋನಿನಲ್ಲಿ ಎಚ್ಚರಿಸಿದ್ದರು. ರಮಾಳಿಗೆ ಹೊರಟುಬಿಡುವ ಮನಸ್ಸಿತ್ತು. ಅದಕ್ಕೆ ಕಾರಣ ಬಿಸಿಲು. ಇಲ್ಲಿ ನವೆಂಬರ್ ಬಂತೆಂದರೆ ಮಗಳು ಪಾವನಾ ಸ್ಕೂಲಿನಿಂದ ಬರುವಷ್ಟರಲ್ಲಿ ಕತ್ತಲು. ಡಾಕ್ಟರು ವಿಟಮಿನ್ ಮಾತ್ರೆ ಕೊಟ್ಟಿದ್ದರು, ಬಿಸಿಲಿನ ಬದಲಿಗೆ ಮುಖದ ಮುಂದೆ ಇಟ್ಟುಕೊಳ್ಳಲು ಒಂದು ಬಿಳಿ ದೀಪ ಹೇಳಿದ್ದರು. ಆ ದೀಪದ ಮುಂದೆ ಕೂತು ರಮಾ ಸುಮ್ಮಸುಮ್ಮನೆ ಅಳುತ್ತಿದ್ದಳು.

ಅಶ್ವತ್ಥ ಅಳು ಕಂಡ ಕಡೆಯೇ ವ್ಯಾಪಾರ ಕುದುರಿಸಿದ. ‘ಆಲ್ಪ್ಸ್‌ನಲ್ಲಿ ವಿಂಟರಲ್ಲೂ ಕಣ್ಣು ಕುಕ್ಕೋ ಬಿಸಿಲು ಕಣೇ. ಕ್ರಿಸ್‌ಮಸ್ಸಿಗೆ ಅಲ್ಲಿ, ಫೆಬ್ರವರಿ ರಜಕ್ಕೆ ಅಲ್ಲಿ. ನಿಂಗೆ ಬೇಕಾದಷ್ಟು ಬಿಸಿಲು ಕೊಡಿಸ್ತೀನಿ. ನೀನು ಮೈಸೂರಿಗೆ ಬರಲ್ಲ ಅಂತ ಹೇಳಿಬಿಡು.’

ರಮಾ ನಂಬಿದಳು. ತನಗಾಗಿ ಗಂಡ ಒಂದು ಪರ್ವತದ ಬಿಸಿಲನ್ನು ಕೊಳ್ಳುತ್ತಿದ್ದಾನೆಂದು ಅವಳಿಗೆ ಅವನ ಮೇಲೆ ಪ್ರೀತಿಯೂ ಉಕ್ಕಿತ್ತು. ಮೊದಲು ಮನೆಯಾಗಲಿ, ಆಮೇಲೆ ವೈದೇಹಿಯವರಿಗೆ ಹೇಳುತ್ತೇನೆ ಅಂದಳು.

ಊರು ಆರಿಸುವ ಕೆಲಸ ಶುರುವಾಯಿತು. ಹುಡುಗಿ ನೋಡಲು ಹೋದ ವರನ ಸೋದರಮಾವನ ಹಾಗೆ ಅಶ್ವತ್ಥ ಒಂದೊಂದು ಊರಿಗೂ ಒಂದೊಂದು ಕುಂದು ಹೇಳಿದ. ಶಾಮೊನಿ ವಿಪರೀತ ದುಬಾರಿ. ಜೆರ್ಮಾಟ್‌ನಲ್ಲಿ ಕಾರು ಬಿಡುವುದಿಲ್ಲ. ಸೇಂಟ್ ಆಂಟನ್ ಕುಡುಕರ ಊರು. ಈ ಯಾವ ಊರನ್ನೂ ಅವನು ಕಣ್ಣಿಂದ ಕಂಡಿರಲಿಲ್ಲ. ಕೊನೆಗೆ ಗೆಳೆಯ ವಲೇರಿಯನ್, ಫ್ರಾನ್ಸಿನ ಒಂದು ಸಣ್ಣ ಕಣಿವೆಯ ಸುದ್ದಿ ತಂದ. ವಲೇರಿಯನ್, ಅವನ ಹೆಂಡತಿ ಐರಿನ್ ಉಡುಪಿಯ ಕಡೆಯವರು, ಇವರ ಪಕ್ಕದ ಬೀದಿಯಲ್ಲೇ ಇದ್ದರು. ಅವರಿಗೂ ಒಂದು ಮನೆ ಬೇಕಿತ್ತು. ಕಣಿವೆಯ ನಡುವೆ ನದಿ. ಉತ್ತರದ ದಡದಲ್ಲಿ, ಬೆನ್ನಿಗೆ ಬೆಟ್ಟ ಕೊಟ್ಟು ದಕ್ಷಿಣಕ್ಕೆ ಮುಖ ಮಾಡಿದ ಊರು ವಿಲಾರ್‌ಬೆಲ್. ಅದರೆದುರು, ದಕ್ಷಿಣದ ದಡದಲ್ಲಿ, ಇನ್ನೂ ಎತ್ತರದ ಬೆಟ್ಟದ ಬುಡಕ್ಕೆ ಅಂಟಿಕೊಂಡ ಊರು ಮೊಂತ್ರೋಲ್.

ಎರಡರಲ್ಲಿ ಯಾವುದೆಂದು ತೀರ್ಪು ಕೊಟ್ಟವರು ಬೆಂಗಳೂರಿನ ರಾಜಾಜಿನಗರದ ವಾಸ್ತು ಪಂಡಿತ ಲಿಂಗರಾಜರು. ವೆಬ್‌ಕ್ಯಾಮಿನ ಮುಂದೆ ರುದ್ರಾಕ್ಷಿ ಸರಿಪಡಿಸಿಕೊಂಡು ಕೂತ ಆ ಮಹಾನುಭಾವರು ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡವರು. ಮೊದಲು ಬೋರ್‌ವೆಲ್ ಯಾವ ಮೂಲೆಯಲ್ಲಿದೆ ಎಂದು ಕೇಳಿದರು. ಆಮೇಲೆ ನಕ್ಷೆ ನೋಡಿ, ‘ದಕ್ಷಿಣ ಎತ್ತರ ಇರ್ಬೇಕು, ಉತ್ತರ ತಗ್ಗಿರ್ಬೇಕು, ತಗ್ಗಲ್ಲಿ ನೀರು ಹರೀಬೇಕು. ಮೊಂತ್ರೋಲ್ ಕೋಟಿಗೊಂದು ಜಾಗ ಸ್ವಾಮಿ. ಆ ಕಡೆ ಊರಲ್ಲಿ ಕುಬೇರನ ದಿಕ್ಕಿಗೇ ಬೆಟ್ಟ ಕೂತಿದೆ, ಮನೆ ಏಳಿಗೆ ಆಗಲ್ಲ’ ಅಂದರು. ಅಶ್ವತ್ಥ ಇದನ್ನು ವಲೇರಿಯನ್‌ಗೂ ಹೇಳಿದ. ವಲೇರಿಯನ್ ಕೇಳಿಸಿಕೊಂಡು ವಿಲಾರ್‌ಬೆಲ್‌ನಲ್ಲೇ ಮನೆ ತೆಗೆದುಕೊಂಡ. ‘ಪಾಪ, ಅವರಿಗೆಲ್ಲ ಇದು ಗೊತ್ತಾಗಲ್ಲ’ ಎಂದು ಅಶ್ವತ್ಥ ಮರುಗಿದ.

ಜೂನ್‌ನಲ್ಲಿ ಮನೆ ನೋಡಲು ಹೋದರು. ಸೂರ್ಯ ನೆತ್ತಿಯ ಮೇಲಿದ್ದ, ಕಣಿವೆಗೆ ಕಣಿವೆಯೇ ಬೆಳಗುತ್ತಿತ್ತು. ಅಶ್ವತ್ಥ ಕಾಂಪಸ್ ಹಿಡಿದು ಬಚ್ಚಲಿಗೂ ಹೊಕ್ಕು ಬಂದ. ಮನೆಯ ಸುತ್ತ ಜರೀಗಿಡ, ಮಾಡಿನ ಹಂಚಿನ ಮೇಲೆ ಅಂಗೈ ದಪ್ಪದ ಪಾಚಿ.

‘ಇಲ್ಲಿ ಯಾಕೆ ಇಷ್ಟು ಪಾಚಿ?’ ಎಂದು ರಮಾ ಕೇಳಿದಳು.

‘ಹಸಿರು ಅಂದ್ರೆ ಸಮೃದ್ಧಿ’ ಎಂದ ಅಶ್ವತ್ಥ. ಸಸ್ಯಶಾಸ್ತ್ರದವಳಿಗೆ ಹಸಿರಿನ ಪಾಠ! ಆದರೆ ಅಂಥ ಬಿಸಿಲಿನಲ್ಲಿ ನಿಂತು ಜಗಳವಾಡಲು ಅವಳಿಗೆ ಮನಸ್ಸಾಗಲಿಲ್ಲ.

ಅಕ್ಟೋಬರಿನಲ್ಲಿ ಮನೆ ಅವರದಾಯಿತು. ಕ್ರಿಸ್‌ಮಸ್ಸಿಗೆ ಹೋಗೋಣ ಎಂದು ರಮಾ ಸ್ವೆಟರು ತೆಗೆದಿಟ್ಟಳು. ಲಿಂಗರಾಜರು ಬಿಡಲಿಲ್ಲ. ಧನುರ್ಮಾಸದಲ್ಲಿ ಗೃಹಪ್ರವೇಶ ಕೂಡದು, ಪುಷ್ಯದಲ್ಲೂ ಬೇಡ, ರಥಸಪ್ತಮಿಯ ದಿನ ಹೊಸಿಲು ದಾಟಿ ಎಂದರು. ಕೊಂಡ ಮನೆಗೆ ಹೋಗಲು ಕೊಂಡವರಿಗೇ ಅಪ್ಪಣೆಯಿಲ್ಲ. ಐರಿನ್, ವಲೇರಿಯನ್ ಮಾತ್ರ ಯಾರನ್ನೂ ಕೇಳದೆ ಹೊರಟುಹೋದರು. ರಮಾ ನಾರ್‌ಶೋಪಿಂಗಿನಲ್ಲಿ ಬಿಳಿ ದೀಪದ ಮುಂದೆ ಕೂತು ಇನ್ನೊಂದು ಡಿಸೆಂಬರ್ ಕಳೆದಳು. ಇನ್ನು ಸ್ವಲ್ಪ ದಿನ ತಾನೇ ಎಂದು ಹಲ್ಲು ಕಚ್ಚಿದಳು.

ಸಂಕ್ರಾಂತಿ ಬಂತು. ವೈದೇಹಿಯವರಿಗೆ ಉತ್ತರ ಹೇಳುವ ದಿನ. ಬರುವುದಿಲ್ಲ ಎಂಬ ಮಾತನ್ನು ರಮಾ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದಳು. ಸಂಜೆ ನಾಲ್ಕಕ್ಕೇ ಕಿಟಕಿಯಾಚೆ ಕಪ್ಪಗಾಗಿತ್ತು. ಐರಿನ್, ವಲೇರಿಯನ್ ಎಳ್ಳುಬೆಲ್ಲಕ್ಕೆ ಬಂದರು. ಇಬ್ಬರ ಮುಖವೂ ಬಿಸಿಲಿಗೆ ಕಂದಿತ್ತು. ಕಂದಿದ ಆ ಎರಡು ಮೂಗುಗಳನ್ನು ನೋಡಿ ರಮಾಳಿಗೆ ಹೊಟ್ಟೆಕಿಚ್ಚಾಯಿತು, ತನಗೂ ಇನ್ನೇನು ಅದೇ ಭಾಗ್ಯ ಎಂದು ಸಮಾಧಾನವೂ ಆಯಿತು.

ವಲೇರಿಯನ್ ಕ್ಯಾಮೆರಾವನ್ನು ಟಿವಿಗೆ ಜೋಡಿಸಿದ. ವಿಲಾರ್‌ಬೆಲ್‌ನ ಮನೆಯ ಜಗಲಿ, ಟೇಬಲ್ಲಿನ ಮೇಲೆ ಊಟ, ಕಪ್ಪು ಕನ್ನಡಕ ಹಾಕಿ ಬರೀ ಅಂಗಿಯಲ್ಲಿ ಕೂತ ಐರಿನ್. ಅವಳ ಬೆನ್ನ ಹಿಂದೆ, ನದಿಯಾಚೆ, ಮಸಿ ಮೆತ್ತಿದಂಥ ಒಂದು ಬೆಟ್ಟ.

ಅಶ್ವತ್ಥ ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟ. ‘ನೋಡು ನೋಡು, ಅದೇ ನಮ್ಮನೆ. ಎಷ್ಟು ಕ್ಲಿಯರಾಗಿ ಕಾಣ್ತಿದೆ.’

ಪಾವನಾ ಸ್ವೀಡಿಷ್‌ನಲ್ಲಿ ಕೇಳಿದಳು: ‘ಅಲ್ಲಿ ಯಾಕೆ ರಾತ್ರಿ?’

‘ಇದು ಯಾವ ಹೊತ್ತಿನ ಫೋಟೋ ಐರಿನ್?’ ಎಂದಳು ರಮಾ.

‘ಲಂಚ್ ಟೈಮ್,’ ಐರಿನ್ ಮಡಿಲಿನ ಎಳ್ಳಿನ ಕಡೆ ನೋಡುತ್ತ ಹೇಳಿದಳು. ‘ಅಲ್ಲಿ ಹಾಗೇ ಅಂತೆ ರಮಾ. ನವೆಂಬರಲ್ಲಿ ಸೂರ್ಯ ಆ ಬೆಟ್ಟದ ಹಿಂದೆ ಹೋದ್ರೆ ಫೆಬ್ರವರಿ ಕೊನೇಲೇ ಬರೋದು. ಬಂದ ದಿನ ಚರ್ಚಲ್ಲಿ ಗಂಟೆ ಹೊಡೀತಾರಂತೆ. ನಿಮಗೆ ಗೊತ್ತಿತ್ತು ಅಂದ್ಕೊಂಡೆ.’

ಸೂರ್ಯ ದಕ್ಷಿಣದಲ್ಲಿ ವಾಲುವ ನಾಡಿನಲ್ಲಿ, ಕೈಯಲ್ಲಿ ಕಾಂಪಸ್ ಹಿಡಿದೇ, ದಕ್ಷಿಣಕ್ಕೆ ಬೆಟ್ಟವಿರುವ ಮನೆಯನ್ನು ಹುಡುಕಿ ಹುಡುಕಿ ಕೊಂಡಿದ್ದ ತನ್ನ ಗಂಡ. ಕತ್ತಲಿನಿಂದ ತಪ್ಪಿಸಿಕೊಳ್ಳಲು ಇನ್ನೊಂದು ಕತ್ತಲು. ರಮಾಳಿಗೆ ಅಳು ಬರಲಿಲ್ಲ. ಅವಳಿಗೆ ಅವನನ್ನು ಕಂಡು ಅಸಹ್ಯವಾಯಿತು.

ಅಶ್ವತ್ಥ ಆಗಲೇ ಬೆಂಗಳೂರಿಗೆ ಫೋನು ಹಚ್ಚಿದ್ದ. ಸ್ಪೀಕರಿನಿಂದ ಲಿಂಗರಾಜರ ದನಿ ಬಂತು: ‘ಬಿಸಿಲು ಬೇರೆ, ವಾಸ್ತು ಬೇರೆ. ಪರಿಹಾರ ಇದೆ. ಪೂರ್ವದ ಗೋಡೆಗೆ ಒಂದು ತಾಮ್ರದ ಸೂರ್ಯನ ಮುಖ ತಗುಲಿಹಾಕಿ.’

ರಮಾ ಬಗ್ಗಿ ಫೋನಿಗೆ ಹೇಳಿದಳು: ‘ರಥಸಪ್ತಮಿ ದಿನ ಅಲ್ಲಿ ಅರ್ಘ್ಯ ಯಾರಿಗೆ ಕೊಡೋದು ಪಂಡಿತರೇ?’

‘ದಿಕ್ಕು ನೋಡಿ ಕೊಡಿ ತಾಯಿ. ಅವನು ಎಲ್ಲಿ ಹೋಗ್ತಾನೆ?’

ಅವಳು ತನ್ನ ಫೋನು ತೆಗೆದು ವೈದೇಹಿಯವರಿಗೆ ಮಾಡಿದಳು, ಎಲ್ಲರ ಎದುರೇ. ‘ಹೇಳಿ ರಮಾ, ಏನು ನಿರ್ಧಾರ ಮಾಡಿದ್ರಿ?’ ಎಂಬ ದನಿ ಕೇಳಿತು. ಇಷ್ಟು ವರ್ಷದ ಸಂಸಾರ. ಹೋಗಬೇಡ ಎಂದೋ, ತಪ್ಪಾಯಿತು ಎಂದೋ ಗಂಡ ಒಂದು ಮಾತು ಹೇಳಿದ್ದರೆ, ಹೇಳಿದ ಬಾಯಿ ಎಷ್ಟು ಪೆದ್ದಾದರೂ ಅವಳು ಇನ್ನೊಂದು ವರ್ಷ ಈ ಕತ್ತಲನ್ನು ಸಹಿಸುತ್ತಿದ್ದಳು. ಅಶ್ವತ್ಥ ಕೈ ಎತ್ತಿ, ಒಂದು ನಿಮಿಷ ಎಂದು ಸನ್ನೆ ಮಾಡಿದ. ರಮಾ ಫೋನಿನ ಬಾಯಿಗೆ ಅಂಗೈ ಮುಚ್ಚಿ ಅವನ ಮುಖ ನೋಡಿದಳು.

‘ಹೊರಡೋ ದಿನ ಮಾತ್ರ ಗುರುವಾರ ಇಟ್ಕೋಬೇಡ,’ ಎಂದ ಅಶ್ವತ್ಥ. ‘ಗುರುವಾರ ದಕ್ಷಿಣಕ್ಕೆ ಶೂಲೆ.’

ರಮಾ ಅಂಗೈ ತೆಗೆದಳು. ‘ಬರ್ತೀನಿ ಮೇಡಂ,’ ಎಂದಳು. ‘ಮಗಳನ್ನೂ ಕರ್ಕೊಂಡು ಬರ್ತೀನಿ.’