ಅಮೋನಿಯಾಕ್ಕೆ ಇಬ್ಬರು ಬೇಕಾಗಿದ್ದಾರೆ

ನಮ್ಮ ಮೇಡಂ ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ಆಸಿಡ್ ಬಾಟಲಿಗಳ ಪಕ್ಕದಲ್ಲಿ. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಕುರ್ಚಿ ಇರುವುದು ಕಾಯಂ ಆದವರಿಗೆ. ಟೆಂಪರರಿಯವರು ಪಾಠ ಮುಗಿಸಿ ಎಲ್ಲಾದರೂ ಹಾಳಾಗಿ ಹೋಗಬಹುದು. ಹಾಗಾಗಿ ಅವರು ಕೆಮಿಸ್ಟ್ರಿ ವಿಭಾಗದ ಸ್ಟೋರ್ ರೂಮಿಗೆ ಬಂದರು. ಅಲ್ಲಿದ್ದ ಸ್ಟೂಲಿನ ಒಂದು ಕಾಲು ಗಿಡ್ಡ. ಅದರಡಿ ನಾನು ರಬ್ಬರ್ ಕಾರ್ಕ್ ಇಟ್ಟುಕೊಟ್ಟೆ.

ನಾನು ಅಲ್ಲಿನ ಅಟೆಂಡರ್. ಟೆಸ್ಟ್ ಟ್ಯೂಬ್ ತೊಳೆಯುವುದು, ಒಡೆದರೆ ಬೈಸಿಕೊಳ್ಳುವುದು ನನ್ನ ಕೆಲಸ. ಒಡೆಯುವವರು ಬೇರೆ, ಬೈಸಿಕೊಳ್ಳುವವಳು ನಾನೇ.

"ಅಕ್ಕಾ, ಮೂಗು ಉರೀತಿರೋದು ಆಸಿಡ್‌ಗಾ, ನಿಮ್ಮ ಪಲ್ಯದ ಖಾರಕ್ಕಾ?" ಅನ್ನುತ್ತಿದ್ದರು ಮೇಡಂ.

"ಪಲ್ಯ ತಿಂದು ನೋಡಿ. ಆಸಿಡ್ ಮಾತ್ರ ಬೇಡ," ಅನ್ನುತ್ತಿದ್ದೆ.

ನಗುನಗುತ್ತಲೇ ಇರುತ್ತಿದ್ದರು, ಪುಣ್ಯಾತ್ಗಿತ್ತಿ. ನನಗಾಗಿದ್ದರೆ ನಗು ಬರುತ್ತಿರಲಿಲ್ಲ. ರಜೆ ಬಂತೆಂದರೆ ಅವರನ್ನು ಕೆಲಸದಿಂದ ಬಿಡಿಸುತ್ತಿದ್ದರು. ಕಾಲೇಜು ಶುರುವಾದರೆ ಹೊಸಬರ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಹೀಗೆ ಮಧ್ಯೆ ಮಧ್ಯೆ ಬಿಡಿಸಿದರೆ ಆಯುಸ್ಸೆಲ್ಲ ದುಡಿದರೂ ಕಾಯಂ ಆಗುವುದಿಲ್ಲವಂತೆ. ಕಾಲೇಜಿನ ಲೆಕ್ಕದಲ್ಲಿ ಕೆಮಿಸ್ಟ್ರಿ ಪಾಠವೆಲ್ಲ ದೊಡ್ಡ ಸರ್ ಅವರದು. ವಿಭಾಗಕ್ಕೆ ಅವರೇ ಮುಖ್ಯಸ್ಥರು. ಅವರು ಕ್ಲಾಸಿನ ಬಾಗಿಲು ನೋಡಿ ಯಾವ ಕಾಲವಾಗಿತ್ತೋ. ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿಕೊಂಡಿತು ಅನ್ನುತ್ತಾರಲ್ಲ, ಹಾಗೆ.

ಆ ಸಲ ಮೇಡಂ ಅಣುಗಳ ಆಕಾರದ ಪಾಠ ಶುರು ಮಾಡಿದರು. ಯಾವ ಪರಮಾಣು ಯಾವುದರ ಜೊತೆ ಹೇಗೆ ಕೂಡಿಕೊಳ್ಳುತ್ತದೆ, ಕೂಡಿದ ಮೇಲೆ ಯಾವ ಆಕಾರ ಬರುತ್ತದೆ ಎಂಬ ಪಾಠ. ಅದಕ್ಕೆಂದೇ ಬಣ್ಣದ ಗುಂಡು, ಕಡ್ಡಿಗಳ ಪೆಟ್ಟಿಗೆಯೊಂದು ಕಾಲೇಜಿನಲ್ಲಿತ್ತು. ಇದ್ದದ್ದು ಪ್ರಿನ್ಸಿಪಾಲರ ರೂಮಿನ ಗಾಜಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ. ಮೇಡಂ ಹೋಗಿ ಕೇಳಿದರು.

"ಒಂದು ಗುಂಡು ಕಳೆದುಹೋದ್ರೆ ಯಾರು ಜವಾಬ್ದಾರಿ? ನೀವು ಟೆಂಪರರಿ," ಅಂದರು ಪ್ರಿನ್ಸಿಪಾಲರು. "ಬೋರ್ಡ್ ಮೇಲೆ ಬರೆದು ತೋರಿಸಿ."

"ಬೋರ್ಡು ಚಪ್ಪಟೆ ಸರ್. ಅಣು ಚಪ್ಪಟೆ ಅಲ್ಲ."

"ಹುಡುಗರಿಗೇನು ಗೊತ್ತಾಗುತ್ತೆ ಬಿಡಿ."

ಮೇಡಂ ಸ್ಟೋರ್ ರೂಮಿಗೆ ಬಂದು ಸೆರಗು ಸಿಕ್ಕಿಸಿದರು. "ಗುಂಡು ಇಲ್ದಿದ್ರೆ ಏನಂತೆ ಅಕ್ಕಾ, ಹುಡುಗರಿದಾರಲ್ಲ," ಅಂದರು.

ಅಂದಿನಿಂದ ಆ ಕ್ಲಾಸಿನಲ್ಲಿ ಕೂತು ಉತ್ತರ ಹೇಳುವ ಪದ್ಧತಿಯೇ ಹೋಯಿತು. ಪ್ರಶ್ನೆ ಬಿದ್ದ ಕೂಡಲೇ ಬೆಂಚು ಸರಿಸಿ, ಎದ್ದು ಬಂದು, ಕೈ ಕೈ ಹಿಡಿದು ಅಣುವಾಗಿ ನಿಲ್ಲಬೇಕು. ಉದ್ದಕ್ಕಿದ್ದ ಹುಡುಗ ಲಂಬು ಸದಾ ನೈಟ್ರೋಜನ್. ಅಮೋನಿಯಾ ಅಂದರೆ ಅವನು ನಡುವೆ. ಎರಡು ಕೈ ಹಿಡಿಯಲು ಇಬ್ಬರು ಹೈಡ್ರೋಜನ್‌ಗಳು. ಮೂರನೆಯವರಿಗೆ ಕೈ ಸಾಲದೆ ಅವನ ಸೊಂಟಕ್ಕೆ ಲ್ಯಾಬ್ ಕೋಟು ಕಟ್ಟಿ, ಅದರ ತೋಳನ್ನು ಹಿಡಿಸುತ್ತಿದ್ದರು. ಆಮೇಲೆ ಇನ್ನಿಬ್ಬರು ಬೇಕು. ಅವರು ಲಂಬುವಿನ ಹಿಂದೆ ಬೆಂಚು ಹತ್ತಿ ನಿಲ್ಲಬೇಕು. ಅವರು ನೈಟ್ರೋಜನ್‌ನದೇ ಎರಡು ಎಲೆಕ್ಟ್ರಾನ್, ಹೆಸರು ಒಂಟಿ ಜೋಡಿ.

"ಒಂಟಿ ಅಂದ್ಮೇಲೆ ಜೋಡಿ ಹೇಗೆ ಮೇಡಂ?" ಅಂದಳು ಮುಂದಿನ ಬೆಂಚಿನ ಪಟಾಕಿ. ಬಾಯಿ ಸುಮ್ಮನಿರದ ಹುಡುಗಿ, ಅದಕ್ಕೇ ಆ ಹೆಸರು.

"ಇಬ್ಬರೇ ಒಟ್ಟಿಗಿರ್ತಾರೆ. ಬೇರೆ ಯಾರ ಜೊತೆಗೂ ಕೂಡೋಲ್ಲ. ಆದ್ರೆ ಜಾಗ ಮಾತ್ರ ಎಲ್ಲರಿಗಿಂತ ಜಾಸ್ತಿ ಬೇಕು. ಕೈ ಹಿಡಿದವರನ್ನೆಲ್ಲ ಕೆಳಗೆ ತಳ್ತಾ ಇರ್ತಾರೆ. ಅದಕ್ಕೇ ಅಮೋನಿಯಾ ಚಪ್ಪಟೆಯಾಗಿ ಹರಡಿಕೊಳ್ಳೋಲ್ಲ, ಗೋಪುರದ ಹಾಗೆ ಇರುತ್ತೆ."

ಪಟಾಕಿ ತುಸು ಯೋಚಿಸಿದಳು. "ಅಂದ್ರೆ ನಮ್ಮ ದೊಡ್ಡ ಸರ್ ಮತ್ತೆ ಪ್ರಿನ್ಸಿಪಾಲ್ ಸರ್ ಥರ."

ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕವು ಮಕ್ಕಳು. ಮೇಡಂ ಬೋರ್ಡಿನ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿದ್ದದ್ದು ಸ್ಟೋರ್ ರೂಮಿನ ಬಾಗಿಲಲ್ಲಿದ್ದ ನನಗೆ ಕಂಡಿತು.

ಅಷ್ಟರಲ್ಲಿ ಕಮಿಟಿ ಬರುತ್ತದೆಂಬ ಸುದ್ದಿ ಬಂತು. ಕಾಲೇಜಿನಲ್ಲಿ ಯಾರು ಪಾಠ ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದು ನೋಡುವವರು. ಕೆಮಿಸ್ಟ್ರಿಗೆ ಇನ್ನೊಬ್ಬರು ಬೇಕೆಂದು ಅವರಿಗೆ ತಿಳಿದರೆ ಆ ಹುದ್ದೆ ಕಾಯಂ ಆಗಬೇಕಾಗುತ್ತದೆ. ಕಾಯಂ ಆದರೆ ಅದು ಸಲ್ಲಬೇಕಾದ್ದು ಮೇಡಂಗೇ. ಕಾಲೇಜಿಗೆ ಅದು ಬೇಡ. ಪುಕ್ಕಟೆಯ ಹಾಗೆ ದುಡಿಯುವವರು ಇರುವಾಗ ಯಾರಿಗೆ ಬೇಕು?

ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು. "ಆ ದಿನ ನೀವು ಬರಬೇಡಿ. ಕ್ಲಾಸನ್ನ ದೊಡ್ಡ ಸರ್ ತಗೋತಾರೆ. ಬಂದು ಕಾಣಿಸಿಕೊಂಡ್ರೆ ರಜೆ ಆದ್ಮೇಲೆ ಮತ್ತೆ ಕರೆಯೋಲ್ಲ."

ಮೇಡಂ ಅದನ್ನು ನನಗೆ ಹೇಳುವಾಗಲೂ ನಕ್ಕರು. ಆದರೆ ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಕಮಿಟಿ ಬಂದ ಬೆಳಗ್ಗೆ ನೋಡಿದರೆ ಮೇಡಂ ಸ್ಟೋರ್ ರೂಮಿನ ಸ್ಟೂಲಿನ ಮೇಲೆ.

"ಯಾಕೆ ಬಂದ್ರಿ ತಾಯಿ?"

"ಪಾಠಕ್ಕೆ ಬಂದಿಲ್ಲ ಅಕ್ಕಾ. ಹುಡುಗರು ಅಮೋನಿಯಾ ಸರಿಯಾಗಿ ಹೇಳ್ತಾರೋ ಇಲ್ವೋ, ಬಾಗಿಲ ಸಂದಿಯಿಂದ ಕೇಳಿಸ್ಕೊಂಡು ಹೋಗ್ತೀನಿ."

ಸ್ಟೋರ್ ರೂಮಿನ ಬಾಗಿಲು ತೆರೆಯುವುದೇ ಕ್ಲಾಸಿನೊಳಕ್ಕೆ. ನಾನು ಕ್ಲಾಸಿನ ಕಡೆಯಿಂದ ಅದಕ್ಕೆ ಒರಗಿ ನಿಂತೆ. ದೊಡ್ಡ ಸರ್ ಹೊಸ ಶರ್ಟು ಹಾಕಿಕೊಂಡು ಬೋರ್ಡಿನ ಮುಂದಿದ್ದರು. ಬೀರುವಿನ ಪೆಟ್ಟಿಗೆ ಅವತ್ತು ಮೇಜಿನ ಮೇಲೆ ಬಂದಿತ್ತು. ಪ್ರಿನ್ಸಿಪಾಲರು ಕಮಿಟಿಯ ಮುಖ್ಯಸ್ಥೆಯನ್ನು ಕರೆತಂದರು. ನರೆತ ಕೂದಲಿನ, ದಪ್ಪ ಕನ್ನಡಕದ ಹೆಂಗಸು. ಆಕೆ ದೊಡ್ಡ ಸರ್ ಕಡೆ ನೋಡಲೇ ಇಲ್ಲ, ನೇರ ಹುಡುಗರನ್ನು ಕೇಳಿದರು.

"ಅಮೋನಿಯಾ ಯಾಕಪ್ಪಾ ಚಪ್ಪಟೆಯಾಗಿಲ್ಲ?"

ದೊಡ್ಡ ಸರ್‌ಗೆ ಈ ಕ್ಲಾಸಿನ ಪದ್ಧತಿ ಗೊತ್ತಿದ್ದರೆ ತಾನೆ? ಪ್ರಶ್ನೆ ಬಿದ್ದದ್ದೇ ತಡ, ಬೆಂಚುಗಳು ದಡದಡ ಸರಿದವು. ಲಂಬು ಸೊಂಟಕ್ಕೆ ಕೋಟು ಕಟ್ಟಿಕೊಂಡು ನಡುವೆ ಬಂದ. ಹೈಡ್ರೋಜನ್‌ಗಳು ಬಂದು ಹಿಡಿದುಕೊಂಡರು.

"ಏಯ್, ಏನಿದು ಗಲಾಟೆ?" ಅಂದರು ದೊಡ್ಡ ಸರ್.

"ಅಮೋನಿಯಾ ಸರ್," ಅಂದಳು ಪಟಾಕಿ. "ಇನ್ನಿಬ್ಬರು ಬೇಕು. ಯಾರ ಕೈಯನ್ನೂ ಹಿಡೀಬಾರ್ದು, ಜಾಗ ಜಾಸ್ತಿ ತಗೋಬೇಕು. ನೀವು ಮತ್ತೆ ಪ್ರಿನ್ಸಿಪಾಲ್ ಸರ್ ಬಂದ್ರೆ ಸರಿಹೋಗುತ್ತೆ."

ಕಮಿಟಿಯ ಅಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. "ಚೆನ್ನಾಗಿದೆ. ಇದನ್ನ ಕಲಿಸಿದ್ದು ಯಾರು?"

"ನಾನೇ," ಅಂದರು ದೊಡ್ಡ ಸರ್.

"ಹಾಗಾದ್ರೆ ಮೆಥೇನ್ ಮಾಡಿಸಿ, ನೋಡೋಣ."

ದೊಡ್ಡ ಸರ್ ಪೆಟ್ಟಿಗೆಯ ಪ್ಲಾಸ್ಟಿಕ್ ಹರಿಯಲು ಹೋದರು. ಉಗುರು ನಾಟಲಿಲ್ಲ, ಹಲ್ಲು ಹಾಕಿದರು. ಹುಡುಗರು ಎದ್ದವರು ಎದ್ದ ಹಾಗೇ ಇದ್ದರು. ಕೂತಿದ್ದವರೂ ಒಬ್ಬೊಬ್ಬರಾಗಿ ಎದ್ದರು.

"ಮೆಥೇನ್‌ಗೆ ನಮ್ಮ ಮೇಡಂ ಬೇಕು," ಅಂದ ಲಂಬು.

"ಯಾವ ಮೇಡಂ?" ಅಂದರು ಕಮಿಟಿಯ ಅಮ್ಮ.

ನನ್ನ ಬೆನ್ನ ಹಿಂದಿನ ಬಾಗಿಲು ಅಲುಗಿತು. ಮೇಡಂ ಹೊರಗೆ ಬಂದರು. ಮುಖ ಬಿಳಿಚಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ. ಪ್ರಿನ್ಸಿಪಾಲರು ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಅವರು ನಮ್ಮ ಅಟೆಂಡರ್, ಮೇಡಂ. ಬಾಟಲಿ ತೊಳೆಯೋರು."

ನಾಲಿಗೆ ಹಿಡಿದುಕೊಂಡಿದ್ದರೆ ನನ್ನ ಕೆಲಸ ಭದ್ರವಾಗಿರುತ್ತಿತ್ತು. ಮನೆಯಲ್ಲಿ ಒಲೆ ಉರಿಯುವುದು ಈ ಕೆಲಸದಿಂದಲೇ. ಆದರೂ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಬಂದೆ.

"ಅಟೆಂಡರ್ ನಾನು," ಅಂದೆ. "ಬಾಟಲಿ ತೊಳೆಯೋಳು ನಾನು. ಪಾಠ ಮಾಡೋರು ಅವರು. ಎಷ್ಟೋ ವರ್ಷದಿಂದ ಮಾಡ್ತಿದಾರೆ."

"ಹೌದು," ಅಂದರು ಮೇಡಂ. "ಈ ಕ್ಲಾಸು ನಂದು."

ಕಮಿಟಿಯ ಅಮ್ಮ ಪ್ರಿನ್ಸಿಪಾಲರ ಕಡೆ ತಿರುಗಿದರು. "ಮತ್ತೆ ಈ ಹುದ್ದೆಯನ್ನ ಲೆಕ್ಕದಲ್ಲಿ ಯಾಕೆ ತೋರಿಸಿಲ್ಲ?"

ಪ್ರಿನ್ಸಿಪಾಲರು ಸಿಟ್ಟನ್ನು ಹುಡುಗರ ಮೇಲೆ ತಿರುಗಿಸಿದರು. "ಏನು ನಿಂತಿದೀರಿ? ಕೂತ್ಕೊಳ್ಳಿ ಎಲ್ಲಾ."

ಯಾರೂ ಕೂರಲಿಲ್ಲ.

"ಕೂತ್ಕೊಳ್ರೋ," ಎಂದು ಗದರಿದರು ದೊಡ್ಡ ಸರ್. ಹಿಡಿದ ಕೈ ಯಾರೂ ಬಿಡಲಿಲ್ಲ. ಕಮಿಟಿಯ ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು.

ಮೇಡಂ ಬೋರ್ಡಿನ ಮುಂದೆ ಹೋಗಿ ಸೀಮೆಸುಣ್ಣ ಎತ್ತಿಕೊಂಡರು. ದನಿ ಏರಿಸಲಿಲ್ಲ.

"ಕೂತ್ಕೊಳ್ಳಿ," ಅಂದರು.

ಇಡೀ ಕ್ಲಾಸು ಕೂತಿತು. ಮುಂದಿನ ಬೆಂಚಿನಲ್ಲಿ ಪಟಾಕಿಯ ಪಕ್ಕ, ಬಾಯಲ್ಲಿ ಪ್ಲಾಸ್ಟಿಕ್ ಚೂರು ಕಚ್ಚಿಕೊಂಡು, ದೊಡ್ಡ ಸರ್ ಕೂಡ ಕೂತರು.