ಇಸ್ತ್ರಿಪೆಟ್ಟಿಗೆಯಲ್ಲಿ ಉಳಿಸಿದ ತಂತಿ

ನಮ್ಮ ಕಾರ್ಖಾನೆಯ ಇಸ್ತ್ರಿಪೆಟ್ಟಿಗೆಗೆ ಮೊದಲು ಹನ್ನೊಂದು ಸ್ಕ್ರೂ ಇದ್ದವು. ಅವನ್ನು ಒಂದೊಂದಾಗಿ ಕಿತ್ತುಹಾಕಿದವನು ನಾನು. ಜೋಡಿಸುವ ಯಂತ್ರದ ಕೈಗೆ ಸುಲಭವಾಗುವಂತೆ ಪೆಟ್ಟಿಗೆಯ ನಕ್ಷೆ ತಿದ್ದುವುದೇ ನನ್ನ ಕೆಲಸ. ಸ್ಕ್ರೂ ಇದ್ದಲ್ಲಿ ಒತ್ತಿದರೆ ಟಕ್ಕೆಂದು ಕೂರುವ ಕೊಕ್ಕೆ ಬಂತು. ಪಕ್ಕದಿಂದ ತೂರಿಸಬೇಕಿದ್ದ ಭಾಗಗಳೆಲ್ಲ ಮೇಲಿನಿಂದ ನೇರ ಇಳಿಯುವಂತಾದವು. ಒಂದೊಂದು ಸ್ಕ್ರೂ ಹೋದ ಹಾಗೆ ಜೋಡಣೆಯ ಸಾಲಿನಲ್ಲಿ ಒಂದೊಂದು ಸ್ಟೂಲು ಖಾಲಿಯಾಯಿತು. ಖಾಲಿ ಸ್ಟೂಲುಗಳನ್ನು ಗೋಡೆಯ ಪಕ್ಕ ಒಂದರ ಮೇಲೊಂದು ಪೇರಿಸಿದ್ದರು. ನಾನು ಆ ಕಡೆ ಓಡಾಡುವುದನ್ನೇ ಬಿಟ್ಟೆ.

ಕೊನೆಗೆ ಉಳಿದ ಸ್ಟೂಲು ನನ್ನ ಅಕ್ಕನದು.

ಅಪ್ಪ ಅಮ್ಮ ಹೋದಮೇಲೆ ಅದೇ ಸ್ಟೂಲಿನ ಮೇಲೆ ಕೂತು ನನ್ನನ್ನು ಓದಿಸಿದವಳು ಅವಳು. ಮದುವೆಯ ಮಾತೆತ್ತಿದರೆ "ಇವನು ಒಂದು ದಡ ಸೇರಲಿ" ಅನ್ನುತ್ತಿದ್ದಳು. ನಾನು ದಡ ಸೇರಿದೆ. ಅವಳ ಪಾಲಿಗೆ ಆ ಸ್ಟೂಲೊಂದು ಉಳಿಯಿತು. ಭಾನುವಾರ ಬಂದರೆ ಸಾಕು, "ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ" ಎಂದು ಗೊಣಗುತ್ತಾಳೆ.

ಹಾಗಾಗಿ ನಾನೊಂದು ಕಳ್ಳಕೆಲಸ ಮಾಡಿದೆ. ಹೊಸ ನಕ್ಷೆಯಲ್ಲಿ ಗೇಣುದ್ದದ ಮೆತ್ತನೆಯ ತಂತಿಯೊಂದನ್ನು ಬೇಕೆಂದೇ ಉಳಿಸಿದೆ. ಗಟ್ಟಿ ವಸ್ತುವನ್ನು ಎತ್ತಿ ಇಳಿಸುವುದರಲ್ಲಿ ಯಂತ್ರ ನಿಸ್ಸೀಮ. ಜೋಲುವ ತಂತಿ ಕೊಟ್ಟರೆ ಕಕ್ಕಾಬಿಕ್ಕಿ. ಅದಕ್ಕೆ ಮನುಷ್ಯರ ಬೆರಳೇ ಬೇಕು.

ನಮ್ಮ ಸಾಹೇಬರಿಗೆ ನಾವಿಟ್ಟ ಹೆಸರು 'ಇನ್ನೊಂದು ಕಮ್ಮಿ'. ಅವರ ಬಾಯಲ್ಲಿ ಬೇರೆ ಮಾತಿಲ್ಲ. ಅವರು ತಂತಿಯ ಮೇಲೆ ಪೆನ್ನಿಟ್ಟು ಕೇಳಿದರು: "ಇದೊಂದು ಯಾಕೆ?"

"ಬಿಸಿಗೆ ಹಿಗ್ಗುತ್ತೆ ಸರ್, ಸ್ವಲ್ಪ ಸಡಿಲ ಇರ್ಬೇಕು." ಕಳ್ಳನ ಮನಸ್ಸು ಹುಳ್ಳುಳ್ಳಗೆ, ಕೇಳದಿದ್ದರೂ ಇನ್ನೆರಡು ಕಾರಣ ಸೇರಿಸಿದೆ. ನಂಬಿದರು.

ಅಕ್ಕನಿಗೆ ಹೇಳಲಿಲ್ಲ. ತಮ್ಮನ ದಯೆಯಿಂದ ಕೂತಿದ್ದೇನೆಂದು ಗೊತ್ತಾದರೆ ಅವಳು ಆ ಕ್ಷಣವೇ ಎದ್ದು ಹೋಗುತ್ತಾಳೆ.

ಆರು ತಿಂಗಳು ಹೀಗೇ ನಡೆಯಿತು. ಒಂದು ದಿನ ಊಟದ ಹೊತ್ತಿಗೆ, ಎಂದೂ ಮಹಡಿ ಹತ್ತದವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಬೆರಳಷ್ಟು ಅಗಲದ ಹಿತ್ತಾಳೆ ಪಟ್ಟಿ.

"ಆ ತಂತಿ ಯಾಕೋ ಬೇಕು? ದಿನಾ ನೋಡಿ ನೋಡಿ ತಲೆ ಕೆಟ್ಟುಹೋಗಿತ್ತು. ಈ ಪಟ್ಟಿ ಹಾಕಿದ್ರೆ ಮೇಲಿಂದ ಸೀದಾ ಕೂರುತ್ತೆ. ನಡುವೆ ಒಂದು ಬಾಗು ಕೊಟ್ಟಿದ್ದೀನಿ, ಹಿಗ್ಗಿದ್ರೂ ತಡ್ಕೊಳ್ಳುತ್ತೆ."

ಗುಜರಿ ತುಂಡನ್ನು ಇಕ್ಕಳದಲ್ಲಿ ಬಗ್ಗಿಸಿ ಮಾಡಿದ್ದಳು. ತಿರುಗಿಸಿ ನೋಡಿದೆ. ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ.

"ಯಾರಿಗಾದ್ರೂ ತೋರಿಸಿದ್ಯಾ?"

"ಇನ್ನೊಂದು ಮಾಡಿ, ಚೀಟಿ ಬರೆದು, ಬೆಳಿಗ್ಗೇನೇ ಸಲಹೆ ಡಬ್ಬಕ್ಕೆ ಹಾಕಿದೆ. ನಿಮ್ಮ ಸಾಹೇಬರು ಕೆಳಗಿಳಿದು ಬಂದು ಕೈ ಕುಲುಕಿದ್ರು. ಬೋರ್ಡಲ್ಲಿ ನನ್ನ ಹೆಸರು ಹಾಕ್ತಾರಂತೆ. ತಮ್ಮನಿಗೆ ಹೊಳೀದಿದ್ದು ಅಕ್ಕನಿಗೆ ಹೊಳೀತು ಅಂತ ಪ್ಯಾಕಿಂಗ್‌ನವರೆಲ್ಲ ನಗ್ತಿದ್ರು." ಅವಳೂ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು, ಅದೂ ಇಷ್ಟು ಅಚ್ಚುಕಟ್ಟಾಗಿ. ನನಗೆ ತಡೆಯಲಾಗಲಿಲ್ಲ.

"ಆ ತಂತಿ ನಿನಗೋಸ್ಕರ ಉಳಿಸಿದ್ದೆ, ಅಕ್ಕ. ಅದು ಹೋದ್ರೆ ಅಲ್ಲಿ ಯಾರೂ ಬೇಕಾಗಲ್ಲ."

ಅವಳ ನಗು ಒಮ್ಮೆಲೇ ಆರಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಬಾಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಕೆಲಸ ಹೋಯಿತೆಂದು ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ ಅಂದುಕೊಂಡೆ.

"ಹಾಗಾದ್ರೆ ಆರು ತಿಂಗಳಿಂದ ನಾನು ಮಾಡ್ತಿದ್ದದ್ದು ಬೇಡದ ಕೆಲಸಾನಾ?"

ನಾನು ಪಟ್ಟಿಯನ್ನು ಮೇಜಿನ ಮೇಲಿಟ್ಟೆ.

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. "ಪಟ್ಟಿ ಸರಿಯಾಗಿದೆಯೋ ಇಲ್ವೋ, ಅಷ್ಟು ಹೇಳು."

"ಸರಿಯಾಗಿದೆ."

"ಮತ್ತೆ ನಕ್ಷೆ ಬರಿ. ನಾಳೆ ಬೇರೆ ಯಾರೋ ಬರೆದು ಹಾಳುಮಾಡೋದು ಬೇಡ."

ತಂತಿಯನ್ನು ಅಳಿಸಿದೆ. ಆ ಜಾಗದಲ್ಲಿ ಪಟ್ಟಿಯ ಗೆರೆ ಎಳೆಯತೊಡಗಿದೆ. ಅವಳು ಪರದೆಯ ಹತ್ತಿರ ಬಗ್ಗಿ, ಆರು ತಿಂಗಳು ತಂತಿ ಕೂರಿಸಿದ ಅದೇ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಬಾಗು ಒಂದು ಕೂದಲೆಳೆ ಕಮ್ಮಿ ಮಾಡು. ಇಲ್ಲಾಂದ್ರೆ ಯಂತ್ರಕ್ಕೆ ಹಿಡಿಯೋಕೆ ಕಷ್ಟ ಆಗುತ್ತೆ."

ಕಮ್ಮಿ ಮಾಡಿದೆ.