ಎಡದಂಡೆ

ಎಡ ಯಾವುದು ಬಲ ಯಾವುದು ಗೊತ್ತಿಲ್ಲದವನೂ ನಕ್ಷೆ ಓದೋಕೆ ಬಂದ ನೋಡ್ರಿ, ಇಂಜಿನಿಯರು ಹಾಗಂದಿದ್ದೇ ತಡ ಸಭೆಗೆ ಸಭೆಯೇ ನಕ್ಕಿತು, ಅವನ ಸೋದರಮಾವನೂ ನಕ್ಕ, ಹಲ್ಲಿನ ಸಂದಿಯ ಕಡ್ಡಿ ತೆಗೆಯದೆ ನಕ್ಕ, ಹೋದ ವಾರ ಭೇಷ್ ಅಳಿಯ ಅಂತ ಬೆನ್ನು ತಟ್ಟಿದ್ದವನು ಇವನೇ ತಾನೆ — ಗೋಡೆಯ ಮೇಲೆ ನಕ್ಷೆ, ನಕ್ಷೆಯಲ್ಲಿ ಹೊಳೆ, ಇಷ್ಟೇ ಇಷ್ಟು ಹೊಳೆ, ಗುಡ್ಡದ ಬುಡದಲ್ಲಿ ಹುಟ್ಟಿ ಮರದ ಮಿಲ್ಲಿನ ಹತ್ತಿರ ಸೊಂಟ ತಿರುಗಿಸಿ ಸರೋವರಕ್ಕೆ ಬೀಳುತ್ತದೆ, ಪಕ್ಕಕ್ಕೊಂದು ಕೆಂಪು ಗೆರೆ, ನೆರೆ ತಡೆಯುವ ಗೋಡೆ, ಎಡದಂಡೆಗೆ ಮಾತ್ರ. ಹೊಳೆ ಹರಿಯೋ ಕಡೆ ಮುಖ ಮಾಡಿ ನಿಂತ್ಕೊಳಪ್ಪ, ಎಡಗೈ ಕಡೆಗಿರೋದು ಎಡದಂಡೆ, ನಿಮ್ಮನೆ ಇರೋದು ಬಲಕ್ಕೆ, ಅಂದರು ಇಂಜಿನಿಯರು. ಹರಿಯೋ ಕಡೆಗಾ, ಯಾವನು ಹಾಗೆ ನಿಂತು ನೋಡಿದ್ದ, ಅವನು ಹುಟ್ಟಿದಾಗಿನಿಂದ ಹೊಳೆಯನ್ನು ನೋಡಿದ್ದು ಸರೋವರದಿಂದ, ಬಲೆ ಎಳೆದು ದೋಣಿ ತಿರುಗಿಸಿದರೆ ಎದುರಿಗೆ ಹೊಳೆಬಾಯಿ, ಹೂಳು ಕೂತು ನೀರು ಬೆರಳು ಬೆರಳಾಗಿ ಬಿಡಿಸಿಕೊಂಡಿರುತ್ತದೆ, ಎಡಗಡೆಯ ಬೆರಳು ಹಿಡಿದರೆ ಮನೆ, ಎಡಕ್ಕೆ ಹಾಕೋ ಎಡಕ್ಕೆ ಅಂತ ಅಪ್ಪ ಗದರಿ ಕಲಿಸಿದ್ದು, ದೋಣಿಯವರಿಗೆಲ್ಲ ಮನೆ ಅಂದರೆ ಎಡದಂಡೆ, ಅದಕ್ಕೇ ಪಂಚಾಯ್ತಿ ಕಚೇರಿಯ ಬಾಗಿಲಲ್ಲಿ ಅಂಟಿಸಿದ್ದ, ಎಡದಂಡೆಗೆ ಗೋಡೆ ಅನ್ನುವ ನೋಟೀಸನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಏಳನೇ ಕ್ಲಾಸಿಗೇ ಬಿಟ್ಟ ಓದು ಕೊನೆಗೂ ಉಪಯೋಗಕ್ಕೆ ಬಂತು ಅಂತ ಎದ್ದೆನೋ ಬಿದ್ದೆನೋ ಓಡಿದ್ದು, ಅಮ್ಮಾ ಗೋಡೆ ಬರುತ್ತೆ, ನಮ್ಮ ಕಡೆಗೇ. ಅಮ್ಮ ಎರಡು ಸಲ ಕೇಳಿದಳು, ಸರಿಯಾಗಿ ಓದಿದೆಯೇನೋ, ಆಮೇಲೆ ಅವಳೂ ಅವನೂ ಸೇರಿ ಅಜ್ಜಿಯ ಮಂಚದ ಕಾಲುಗಳ ಕೆಳಗಿನ ಇಟ್ಟಿಗೆ ತೆಗೆದರು, ನೆರೆಗೆ ಹೆದರಿ ಎತ್ತರಿಸಿದ್ದ ಮಂಚ, ಎದ್ದು ಓಡಾಡಲಾರದ ಅಜ್ಜಿ ಅದರ ಮೇಲೆ ಕಾಲು ಇಳಿಬಿಟ್ಟು ಕೂತೇ ಇದ್ದಳು, ಮಂಚ ಇಳಿದಾಗ ಎಷ್ಟೋ ವರ್ಷಗಳ ಮೇಲೆ ಅವಳ ಪಾದ ನೆಲ ಮುಟ್ಟಿತು, ತಣ್ಣಗಿದೆ ಮಗಾ ಅಂದಳು — ಈಗ ಆ ಕಡೆ ಗೋಡೆ ಎದ್ದರೆ ಬರುವ ನೀರೆಲ್ಲ ಈ ಕಡೆಗೇ ತಾನೆ, ಅದನ್ನು ಕೇಳಲೇಬೇಕು, ಮೇಜು ಮಗುಚಿಯಾದರೂ ಕೇಳಬೇಕು, ಎದ್ದು ನಿಂತಿದ್ದಾನೆ, ಮುಷ್ಟಿ ಬಿಗಿದಿದೆ, ನಗು ನಿಂತಿದೆ. ಕೂತ್ಕೊಳೋ, ತಮಾಷೆಗಂದ್ರು ಅಷ್ಟೆ, ಮಾವನ ದನಿ. ಏನಾದ್ರೂ ಹೇಳೋದಿದೆಯೇನಪ್ಪಾ, ಇಂಜಿನಿಯರ ದನಿ. ಹೇಳುವುದಿರುವುದು ಇಲ್ಲಲ್ಲ, ಮನೆಯಲ್ಲಿ, ಇಟ್ಟಿಗೆ ಮತ್ತೆ ಇಡೋಣ ಅಮ್ಮಾ ಅಂತ, ಅದೂ ಅಜ್ಜಿಯ ಎದುರಿಗೇ — ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ, ಬಿಸಿಲು, ರಸ್ತೆ, ಎಡಕ್ಕೋ ಬಲಕ್ಕೋ, ಅಜ್ಜಿಯ ಪಾದ, ಬೆರಳು ಅಗಲಿಸಿ ನೆಲವನ್ನು ಒತ್ತಿ ಒತ್ತಿ ನೋಡುವ ಅಜ್ಜಿಯ ಪಾದ, ಪಾದ